ಚಳಿಗಾಲದ ಡೇರೆಯಲ್ಲಿ ಒಲೆ: ಬಿಸಿಗಿಂತ ಮೊದಲು ಗಾಳಿ ನೋಡಿ

ಆರೋಗ್ಯ ಕಾಪಾಡಿಕೊಳ್ಳಲು ಆರು ವಿಷಯಗಳು ಅನಿವಾರ್ಯ ಎಂದು ಯೂನಾನಿ ವೈದ್ಯ ಪದ್ಧತಿ ಹೇಳುತ್ತದೆ. ಇವುಗಳಿಗೆ ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎಂದು ಹೆಸರು. ಅನ್ನಪಾನ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಸ್ಥಿತಿ, ನಿದ್ರೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದುದು ಮತ್ತು ಒಳಗೆ ಉಳಿಯಬೇಕಾದುದು - ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಪಟ್ಟಿಯ ಮೊದಲ ಸ್ಥಾನ ಗಾಳಿಯದು. ಇಬ್ನ್ ಸೀನಾ ಕೂಡ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಗಾಳಿಯ ಬಗ್ಗೆ ವಿವರವಾಗಿ ಚರ್ಚಿಸಿದ್ದಾರೆ. ಉಳಿದದ್ದಕ್ಕೆ ದೇಹ ಒಂದಷ್ಟು ಹೊತ್ತು ಕಾಯಬಲ್ಲದು, ಗಾಳಿಗೆ ಕಾಯಲಾರದು.

ಈ ತಿಂಗಳು ನಾವು ಚರ್ಚಿಸುವ ವಿಷಯಕ್ಕೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ನಮ್ಮ ಕರಾವಳಿಯಿಂದ, ಬೆಂಗಳೂರಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಯುವ ಕುಟುಂಬಗಳು ಈಗ ಬಹಳಷ್ಟಿವೆ. ಅಲ್ಲಿ ಹಿಮ ಬಿದ್ದಾಗಲೂ ಜನ ಕಾಡಿಗೆ ಹೋಗಿ ಡೇರೆ ಹಾಕುತ್ತಾರೆ. ಒಂಟಾರಿಯೋದ ಅಲ್ಗೊನ್‌ಕಿನ್ ಪಾರ್ಕ್‌ನಂತಹ ಕಡೆ ರಾತ್ರಿಯ ತಾಪಮಾನ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗಿಳಿಯುವುದುಂಟು. ಅದಕ್ಕಾಗಿ ಸಣ್ಣ ಸೌದೆ ಒಲೆ ಇಡಬಹುದಾದ ಡೇರೆಗಳು ಮಾರುಕಟ್ಟೆಯಲ್ಲಿವೆ. ‘ಹಾಟ್ ಟೆಂಟ್’ ಎಂದು ಅದರ ಹೆಸರು. ನಿಮ್ಮ ಮಗನೋ ಅಳಿಯನೋ ಅಂತಹದೊಂದನ್ನು ಕೊಳ್ಳಲು ಹೊರಟಿದ್ದರೆ, ಯಾವುದು ಹೆಚ್ಚು ಬಿಸಿ ಎಂದು ಕೇಳುವ ಮೊದಲು ಯಾವುದರಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎಂದು ಕೇಳಲು ಹೇಳಿ.

ಅಪಾಯ ಎಲ್ಲಿದೆ?

ಸೌದೆ ಅಥವಾ ಇದ್ದಿಲು ಪೂರ್ತಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳು ಮತ್ತು ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು. ಮಲಗಿದವನಿಗೆ ಈ ಯಾವ ಎಚ್ಚರಿಕೆಯೂ ಸಿಗದೆ ಹೋಗಬಹುದು. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಶಿಶುವಿಗೆ, ಚಿಕ್ಕ ಮಕ್ಕಳಿಗೆ, ಹೃದ್ರೋಗಿಗಳಿಗೆ ಅಪಾಯ ಇನ್ನೂ ಹೆಚ್ಚು.

ಜ್ವಾಲೆ ಎದ್ದು ಉರಿಯುವ ಬೆಂಕಿಗಿಂತ ಕೆಂಡವಾಗಿ ಕನಲುವ ಬೆಂಕಿ ಹೆಚ್ಚು ಮೊನಾಕ್ಸೈಡ್ ಬಿಡುತ್ತದೆ. ಹೊಗೆ ಕಾಣುವುದಿಲ್ಲವೆಂದು ಕೆಂಡವನ್ನು ನಂಬುವವರೇ ಜಾಸ್ತಿ. ಆದುದರಿಂದ ಮೊದಲ ನಿಯಮ ಇದು: ಹೊಗೆಕೊಳವೆ ಇಲ್ಲದ ಯಾವ ಬೆಂಕಿಯೂ ಡೇರೆಯ ಒಳಗೆ ಬೇಡ. ಅಗ್ಗಿಷ್ಟಿಕೆ, ಬಾರ್ಬೆಕ್ಯೂ ತಟ್ಟೆ, ಅಡುಗೆಯ ಗ್ಯಾಸ್ ಸ್ಟೋವ್ ಯಾವುದನ್ನೂ ಮೈ ಕಾಯಿಸಲು ಒಳಗೆ ತರಬಾರದು.

ಡೇರೆ ಆರಿಸುವುದು ಹೇಗೆ?

ಡೇರೆಯಲ್ಲಿ ಒಲೆ ಇಡುವುದು ಹೊಸ ವಿಷಯವಲ್ಲ. ಅಮೆರಿಕದ ಸೇನಾಧಿಕಾರಿ ಹೆನ್ರಿ ಸಿಬ್ಲಿ 1856ರಲ್ಲಿಯೇ ಶಂಕುವಿನಾಕಾರದ ಡೇರೆಗೆ ಪೇಟೆಂಟ್ ಪಡೆದಿದ್ದರು. ಅದರೊಳಗೆ ಇಡುವ ಕೊಳವೆಯ ಒಲೆಯೂ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಕೆನಡಾದ ಉತ್ತರ ಭಾಗದ ಮೂಲನಿವಾಸಿಗಳು ಕ್ಯಾನ್ವಾಸ್ ಡೇರೆಯಲ್ಲಿ ತಗಡಿನ ಒಲೆ ಇಟ್ಟು ಚಳಿಗಾಲ ಕಳೆಯುತ್ತಾ ಬಂದಿದ್ದಾರೆ. ಇವೆಲ್ಲದರಲ್ಲೂ ತತ್ವ ಒಂದೇ. ಬಿಸಿ ಒಳಗೆ ಉಳಿಯಬೇಕು, ಹೊಗೆ ಹೊರಗೆ ಹೋಗಬೇಕು, ಹೊಸ ಗಾಳಿ ಒಳಗೆ ಬರಬೇಕು. ಕೊಳ್ಳುವಾಗ ಇವುಗಳನ್ನು ಗಮನಿಸಿ.

1. ಕೊಳವೆಯ ಕಿಂಡಿ: ಒಲೆಯ ಕೊಳವೆ ಹೊರಹೋಗಲು ಬಟ್ಟೆಯಲ್ಲಿ ಶಾಖ ತಡೆಯುವ ತೇಪೆ ಇರುವ ಕಿಂಡಿ ಇರಬೇಕು. ಇದನ್ನು ಸ್ಟೋವ್ ಜ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಸಿಲಿಕೋನ್ ಲೇಪಿಸಿದ ಗಾಜಿನ ನಾರಿನಿಂದ ಮಾಡಿರುತ್ತಾರೆ. ಅದರ ಅಳತೆ ನಿಮ್ಮ ಒಲೆಯ ಕೊಳವೆಗೆ ಹೊಂದಬೇಕು. ಮಾಮೂಲಿ ಬೇಸಿಗೆ ಡೇರೆಯನ್ನು ಕತ್ತರಿಸಿ ಒಲೆ ಇಡುವುದು ಎಂದಿಗೂ ಬೇಡ.

2. ಎರಡು ಗಾಳಿದಾರಿ: ನೆಲದ ಹತ್ತಿರ ಒಂದು, ತುದಿಯ ಹತ್ತಿರ ಒಂದು. ಡೇರೆಯ ಅಂಚಿಗೆ ಹಿಮ ಒತ್ತಿದರೆ ಚಳಿ ನಿಲ್ಲುತ್ತದೆ ನಿಜ, ಆದರೆ ಕೆಳಗಿನ ಗಾಳಿಯೂ ನಿಲ್ಲುತ್ತದೆ. ಒಳಗಾಳಿ ಸಿಗದ ಒಲೆ ಹೊಗೆಯನ್ನು ಮೇಲೆ ಎಳೆಯಲಾರದು. ಮುಚ್ಚಲಾಗದಂತೆ ಹೊಲಿದ ಕಿಂಡಿ ಇರುವ ಡೇರೆ ಸಿಕ್ಕಿದರೆ ಒಳ್ಳೆಯದು. ನಡುರಾತ್ರಿಯ ಚಳಿಗೆ ಯಾರೂ ಅದನ್ನು ಮುಚ್ಚಲಾರರು.

3. ಬಟ್ಟೆ: ಹತ್ತಿ ಕ್ಯಾನ್ವಾಸ್ ಭಾರ, ಆದರೆ ಉಸಿರಾಡುತ್ತದೆ, ಒಳಗಿನ ತೇವ ಕಡಿಮೆಯಾಗುತ್ತದೆ, ಕಿಡಿ ಬಿದ್ದರೆ ಬೇಗ ಕರಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಹಗುರ, ಬೆನ್ನಿನ ಮೇಲೆ ಹೊರಬಹುದು, ಆದರೆ ಕಿಡಿ ತಗುಲಿದಲ್ಲಿ ಕರಗಿ ತೂತಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆ ಇವೆರಡರ ಮಧ್ಯದ್ದು. ಕಾರಿನ ಪಕ್ಕದಲ್ಲೇ ತಂಗುವ ಕುಟುಂಬಕ್ಕೆ ಹತ್ತಿಯದೇ ಉತ್ತಮ. ಕ್ಯಾನ್ವಾಸ್ ಉಸಿರಾಡುತ್ತದೆ ಎಂದು ಕಿಂಡಿ ಮುಚ್ಚಬೇಡಿ. ಅದರ ಮೇಲೆ ಮಂಜುಗಟ್ಟಿದರೆ ಬಟ್ಟೆಯ ಸೂಕ್ಷ್ಮ ರಂಧ್ರಗಳೂ ಮುಚ್ಚಿಹೋಗುತ್ತವೆ. ‘ಅಗ್ನಿ ನಿರೋಧಕ’ ಎಂಬ ಚೀಟಿ ಇದ್ದ ಮಾತ್ರಕ್ಕೆ ಬಟ್ಟೆ ಸುಡುವುದೇ ಇಲ್ಲ ಎಂದರ್ಥವಲ್ಲ.

4. ಗಾತ್ರ: ನಾಲ್ವರ ಡೇರೆ ಎಂದು ಬರೆದಿದ್ದರೆ ಅದು ಒಲೆ ಇಲ್ಲದೆ, ಮೈಗೆ ಮೈ ತಾಗಿಸಿ ಮಲಗುವ ಲೆಕ್ಕ. ಒಲೆ ಮತ್ತು ಅದರ ಸುತ್ತಲಿನ ಖಾಲಿ ಜಾಗ ಕಳೆದರೆ ಅದು ಇಬ್ಬರಿಗೆ ಸರಿ. ತೀರಾ ಎತ್ತರದ ಡೇರೆಯೂ ಬೇಡ. ಬಿಸಿಗಾಳಿಯೆಲ್ಲ ಮೇಲೆ ನಿಂತು ನೆಲದ ಮೇಲೆ ಮಲಗಿದವರು ನಡುಗುತ್ತಾರೆ.

5. ಬಾಗಿಲು: ಒಲೆಯನ್ನು ದಾಟದೆ ಹೊರಗೆ ಓಡಲು ದಾರಿ ಇರಬೇಕು. ಎರಡು ಬಾಗಿಲಿದ್ದರೆ ಇನ್ನೂ ಒಳ್ಳೆಯದು.

ಒಲೆ ಮತ್ತು ಕೊಳವೆ

ಒಲೆಯ ಬಾಗಿಲು ಬಿಗಿಯಾಗಿ ಮುಚ್ಚಬೇಕು. ಕೊಳವೆಯ ಜೋಡಣೆಗಳಲ್ಲಿ ಸಂದು ಇರಬಾರದು. ಕೊಳವೆಯ ತುದಿ ಡೇರೆಯ ತುದಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ಹಿಂದಕ್ಕೆ ಬರುತ್ತದೆ. ಕಿಡಿ ತಡೆಯುವ ಜಾಲರಿ ಬೇಕೇ ಬೇಕು. ಆದರೆ ಹಸಿ ಸೌದೆ ಸುಟ್ಟರೆ ಅಂಟಾದ ಮಸಿ ಅದೇ ಜಾಲರಿಯಲ್ಲಿ ಕಟ್ಟಿಕೊಂಡು ಹೊಗೆಯ ದಾರಿ ಮುಚ್ಚುತ್ತದೆ. ಪ್ರತಿದಿನ ಬೆಳಿಗ್ಗೆ ಒಲೆ ಆರಿದಾಗ ಅದನ್ನು ತಟ್ಟಿ ಸ್ವಚ್ಛಗೊಳಿಸಿ. ಒಂದಕ್ಕೊಂದು ಬಡಿದರೆ ಟಣ್ ಎನ್ನುವ, ಸೀಳಿದ ಒಣ ಸೌದೆಯನ್ನೇ ಬಳಸಿ. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಹಾಕಬೇಡಿ. ಸೌದೆಯನ್ನು ದೂರದಿಂದ ಒಯ್ಯದೆ ಅಲ್ಲಿಯೇ ಕೊಳ್ಳಿ. ಮರ ಕೊಲ್ಲುವ ಕೀಟಗಳು ಸೌದೆಯ ಜೊತೆ ಊರೂರು ಸಾಗುತ್ತವೆ. ಒಲೆ ಇಡಲು ಅನುಮತಿ ಇದೆಯೇ ಎಂದು ಪಾರ್ಕಿನವರಲ್ಲಿ ಮೊದಲೇ ಕೇಳಿಕೊಳ್ಳಿ.

ಹೊಸ ಒಲೆಯನ್ನು ಮೊದಲ ಸಲ ಬಯಲಿನಲ್ಲಿ ಉರಿಸಿ. ಅದರ ಮೇಲಿನ ಎಣ್ಣೆ, ಬಣ್ಣ ಸುಟ್ಟುಹೋಗಲಿ. ಹಿಮದ ಮೇಲೆ ನೇರವಾಗಿ ಇಟ್ಟರೆ ಕೆಳಗಿನ ಹಿಮ ಕರಗಿ ಒಲೆ ವಾಲುತ್ತದೆ, ಕೊಳವೆ ಕಳಚುತ್ತದೆ. ಆದುದರಿಂದ ಗಟ್ಟಿ ನೆಲ ಸಿಗುವವರೆಗೆ ಹಿಮ ತೆಗೆಯಿರಿ. ಹಾಸಿಗೆ ಬಟ್ಟೆಗಳು ಒಲೆಯಿಂದ ಸುಮಾರು ಒಂದು ಗಜ ದೂರವಿರಲಿ. ಮಕ್ಕಳಿದ್ದರೆ ಒಲೆಯ ಸುತ್ತ ತಡೆ ಇರಲಿ. ಮೈ ಸುಟ್ಟರೆ ಆ ಭಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯಿರಿ, ಉಳಿದ ಮೈಯನ್ನು ಬೆಚ್ಚಗಿಡಿ. ಹಿಮ, ಅರಿಶಿನ, ಟೂತ್‌ಪೇಸ್ಟ್ ಹಚ್ಚಬೇಡಿ.

ಒಳಗೆ ಬೆವರು ಬರುವಷ್ಟು ಬಿಸಿ ಮಾಡುವುದೂ ತಪ್ಪು. ಒದ್ದೆ ಬಟ್ಟೆಯಲ್ಲಿ ಹೊರಗೆ ಕಾಲಿಟ್ಟರೆ ದೇಹದ ಶಾಖ ಕ್ಷಣದಲ್ಲಿ ಸೋರಿಹೋಗುತ್ತದೆ.

ಮಲಗುವಾಗ ಬೆಂಕಿ ಆರಿರಲಿ

ಮಲಗುವ ಮೊದಲು ಬೆಂಕಿ ಆರಿಸಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆಂಬುದು ನಿಮಗೆ ಗೊತ್ತಿದೆ. ಡೇರೆಯ ಒಲೆಗೆ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ. ರಾತ್ರಿಯಿಡೀ ಬಾಳಲಿ ಎಂದು ಸೌದೆ ತುಂಬಿ ಗಾಳಿಕಿಂಡಿ ಮುಚ್ಚಿ ಮಲಗುವುದೇ ಅತ್ಯಂತ ಅಪಾಯದ ಅಭ್ಯಾಸ, ಏಕೆಂದರೆ ಆಗಲೇ ಬೆಂಕಿ ಕೆಂಡವಾಗಿ ಕನಲುತ್ತದೆ. ಫಿನ್‌ಲೆಂಡ್‌ನ ಸೇನೆಯಲ್ಲಿ ಡೇರೆಯ ಒಲೆ ಉರಿಯುತ್ತಿರುವಷ್ಟು ಹೊತ್ತೂ ಸರದಿಯಂತೆ ಒಬ್ಬ ಸೈನಿಕ ಎಚ್ಚರವಿದ್ದು ಕಾಯುತ್ತಾನೆ. ನಿಮ್ಮಲ್ಲಿ ಕಾಯುವವರಿಲ್ಲದಿದ್ದರೆ ಬೆಂಕಿ ಪೂರ್ತಿ ಆರಲಿ, ಆಮೇಲೆ ಮಲಗಿ. ಫಜ್ರ್‌ಗೆ ಎದ್ದಾಗ ಮತ್ತೆ ಹೊತ್ತಿಸಿ, ವುಝೂಗೆ ನೀರೂ ಬಿಸಿಯಾಗುತ್ತದೆ.

ಹಾಗಾದರೆ ರಾತ್ರಿಯ ಚಳಿಗೆ ಏನು? ಸ್ಲೀಪಿಂಗ್ ಬ್ಯಾಗ್. ಒಲೆ ಇಲ್ಲವೇ ಇಲ್ಲ ಎಂದುಕೊಂಡು, ಅಲ್ಲಿನ ಅತಿ ಕಡಿಮೆ ತಾಪಮಾನಕ್ಕೆ ತಕ್ಕದ್ದನ್ನು ಕೊಳ್ಳಿ. ಕೆಳಗೆ ದಪ್ಪ ಚಾಪೆ ಹಾಸಿ. ಹಣ ಸೀಮಿತವಾಗಿದ್ದರೆ ಒಲೆಗಿಂತ ಮೊದಲು ಇದಕ್ಕೆ ಖರ್ಚು ಮಾಡಿ.

ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಒಲೆಯಷ್ಟೇ ಅಗತ್ಯ. ಮನೆಗೆಂದು ಮಾಡಿದ ಹಲವು ಅಲಾರಂಗಳು ಕೊರೆಯುವ ಚಳಿಗೆ ತಕ್ಕವಲ್ಲ. ಎಷ್ಟು ಡಿಗ್ರಿವರೆಗೆ ಕೆಲಸ ಮಾಡುತ್ತದೆ ಎಂದು ಪೊಟ್ಟಣದ ಮೇಲೆ ಓದಿ ಕೊಳ್ಳಿ. ಅಲಾರಂ ಇದೆ ಎಂದು ಉಳಿದ ನಿಯಮಗಳನ್ನು ಬಿಡಬೇಡಿ.

ಅನುಮಾನ ಬಂದರೆ

ಡೇರೆಯಲ್ಲಿದ್ದ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಅದನ್ನು ಶೀತವೆಂದೋ ಪ್ರಯಾಣದ ಆಯಾಸವೆಂದೋ ತಿಳಿಯಬೇಡಿ. ಎಲ್ಲರೂ ತಕ್ಷಣ ಹೊರಗೆ ಬನ್ನಿ. ಪ್ರಜ್ಞೆ ಇಲ್ಲದವರನ್ನು ಎಳೆದು ತನ್ನಿ, ಕಂಬಳಿ ಹೊದಿಸಿ. ಕೆನಡಾದಲ್ಲಿ 911ಕ್ಕೆ, ಭಾರತದಲ್ಲಿ 112ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸಲಾರದು, 98 ಎಂದು ತೋರಿಸಿದರೂ ನಂಬಬೇಡಿ. ಇದಕ್ಕೆ ಚಿಕಿತ್ಸೆ ಆಮ್ಲಜನಕ. ರಕ್ತದಲ್ಲಿನ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು ಸಾಮಾನ್ಯ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಜೋಶಾಂದಾ, ಖಮೀರಾ, ಕಷಾಯ ಯಾವುದೂ ಇಲ್ಲಿ ಪ್ರಯೋಜನವಿಲ್ಲ. ಯೂನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಇದು ಹಿಮದ ನಾಡಿನ ಮಾತು ಎಂದು ಇಲ್ಲಿರುವವರು ಪುಟ ಮಗುಚಬೇಡಿ. ಕೊಡಗು, ಚಿಕ್ಕಮಗಳೂರಿಗೆ ಹೋದಾಗ ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಕೆಂಡವನ್ನು ಟೆಂಟ್‌ನೊಳಗೆ ಇಟ್ಟುಕೊಳ್ಳುವವರಿದ್ದಾರೆ. ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗಳೂ ಇವೆ. ಅಲ್ಲಿ ಹುಟ್ಟುವುದೂ ಇದೇ ಅನಿಲ, ಉಸಿರಾಡುವುದು ಕೆಲವೇ ದಿನಗಳ ಹಸುಗೂಸು. ಬಾಣಂತಿಗೆ ಬೆಚ್ಚಗಿನ ಬಟ್ಟೆ, ಬಿಸಿನೀರಿನ ಚೀಲ ಕೊಡಿ, ಕೆಂಡವನ್ನು ಅಂಗಳಕ್ಕೆ ಸಾಗಿಸಿ. ದೂರದ ಊರಿನಲ್ಲಿರುವ ಮಕ್ಕಳು ಚಳಿಗಾಲದಲ್ಲಿ ಡೇರೆ ಹಾಕಲು ಹೊರಟಿದ್ದೇವೆ ಎಂದು ಫೋನು ಮಾಡಿದರೆ ಮೂರು ಪ್ರಶ್ನೆ ಕೇಳಿ: ಕಿಂಡಿ ತೆರೆದಿರುತ್ತದೆಯೇ? ಅಲಾರಂ ತೆಗೆದುಕೊಂಡಿರೇ? ಮಲಗುವ ಮೊದಲು ಬೆಂಕಿ ಆರಿಸುತ್ತೀರಲ್ಲ?