ವಯಸ್ಸು ತಡೆಯುವ ಡಬ್ಬಿ ಬೇಡ

ಜಯನಗರ 4ನೇ ಬ್ಲಾಕಿನ ಔಷಧಿ ಅಂಗಡಿಗೆ ಬಿಪಿ ಮಾತ್ರೆಗೆಂದು ಹೋದವರು, ವಯಸ್ಸು ತಡೆಯುತ್ತದಂತೆ ಎಂದು ಇನ್ನೊಂದು ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತೀರಲ್ಲ, ಸ್ವಲ್ಪ ತಾಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಉಸಿರಾಡುವ ಆಮ್ಲಜನಕದಿಂದಲೇ ಮೈಯೊಳಗೆ ಫ್ರೀ ರ್‍ಯಾಡಿಕಲ್‌ಗಳು ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ, ಮುಪ್ಪು ಬರುವುದು ಅದರಿಂದಲೇ ಎಂದು 1956ರಲ್ಲಿ ವಿಜ್ಞಾನಿ ಡೆನ್ಹಮ್ ಹಾರ್ಮನ್ ವಾದಿಸಿದರು. ಹಾಗಾದರೆ ಅವನ್ನು ತಡೆಯುವ ಆಂಟಿಆಕ್ಸಿಡೆಂಟ್ ನುಂಗಿದರಾಯಿತು ಎಂದುಕೊಂಡವರು ಬಹಳ. ಆದರೆ ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಂತು: ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟಿನ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು! ಅತಿಯಾದರೆ ಅಮೃತವೂ ವಿಷ. ಕ್ಯಾರೆಟ್ ಬೇಕೆಂದರೆ ಕೋಸಂಬರಿ ಮಾಡಿಕೊಂಡು ತಿನ್ನಿ.

ಮುಪ್ಪಿಗೆ ಕಾರಣ ಒಂದೇ ಅಲ್ಲ. ಮನುಷ್ಯನ ಜೀವಕೋಶ ಸುಮಾರು 50 ಸಲ ಒಡೆದು ಎರಡಾದ ಮೇಲೆ ನಿಂತುಬಿಡುತ್ತದೆ ಎಂದು 1961ರಲ್ಲಿ ವಿಜ್ಞಾನಿ ಹೇಫ್ಲಿಕ್ ತೋರಿಸಿದರು. ದೇಹ ತನ್ನ ಶಕ್ತಿಯನ್ನು ಸಂತಾನಕ್ಕೂ ರಿಪೇರಿಗೂ ಹಂಚಬೇಕು, ರಿಪೇರಿಗೆ ಸಾಲದೆ ಉಳಿದ ಹಾನಿಯೇ ಸೇರುತ್ತ ಹೋಗುತ್ತದೆ ಎಂದು 1977ರಲ್ಲಿ ಇನ್ನೊಬ್ಬ ವಿಜ್ಞಾನಿ ಕರ್ಕ್‌ವುಡ್ ಹೇಳಿದರು. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ರಿಪೇರಿಗೆ ಅಡ್ಡಿ ಮಾಡದಿರುವುದಾದರೂ ನಮ್ಮ ಕೈಯಲ್ಲಿದೆಯಲ್ಲ.

ನಿಮಗೆ ಅದಕ್ಕೂ ಪುರುಸೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಊಟ ತರಿಸಿಕೊಂಡು, ಒಂದರವರೆಗೆ ಮೊಬೈಲು ಉಜ್ಜಿದರೆ ಮೈ ಸುಧಾರಿಸಿಕೊಳ್ಳುವುದು ಯಾವಾಗ? ಬೇಗ ಉಣ್ಣಿ, ಏಳು ಗಂಟೆ ಕಾಲವಾದರೂ ನಿದ್ದೆ ಮಾಡಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದದ್ದು ಸುಮ್ಮನೆ ಅಲ್ಲ. ಬೀಡಿ ಸಿಗರೇಟು ಬಿಡಿ, ಅದರಲ್ಲಿ ಚೌಕಾಸಿ ಬೇಡ.

ಲಾಲ್‌ಬಾಗಿನಲ್ಲೋ ಸಾರಕ್ಕಿ ಕೆರೆಯ ದಂಡೆಯಲ್ಲೋ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ. ಬೆಂಚಿನ ಮೇಲೆ ಹರಟಿದ್ದು ಲೆಕ್ಕಕ್ಕಿಲ್ಲ. ನಡೆದರಷ್ಟೇ ಸಾಲದು, ವಯಸ್ಸಾದಂತೆ ಸ್ನಾಯು ಕರಗುತ್ತದೆ. ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವಂಥ ವ್ಯಾಯಾಮ ಮಾಡಿ. ಮೊಣಕಾಲು ನೋವಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇದೆಲ್ಲ ಮುದುಕರಿಗೆ ಎನ್ನಬೇಡಿ. ನಮ್ಮ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮುಪ್ಪಿನ ಅಧ್ಯಯನಕ್ಕೆ 45 ತುಂಬಿದವರನ್ನೇ ಸೇರಿಸಿಕೊಂಡಿದ್ದಾರೆ. ನಿಮಗೂ 45 ಆಗಿದ್ದರೆ, ಡಬ್ಬಿಯ ದುಡ್ಡಲ್ಲಿ ಈ ವಾರವೇ ಬಿಪಿ, ಶುಗರ್ ನೋಡಿಸಿಕೊಂಡು ಬನ್ನಿ.