ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ

ಮಳೆ ಕೈಕೊಟ್ಟ ವರ್ಷ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಾರೆ ಕೆಲಸದಿಂದ. ಕೆಲವರು ಊರಲ್ಲೇ ಯಾರದೋ ಮನೆಯ ಪಾಯ ತೋಡಲು ಹೋಗುತ್ತಾರೆ, ಕೆಲವರು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಏಳುತ್ತಿರುವ ಕಟ್ಟಡಗಳಿಗೆ. ಉಳಿದವರು ಮೇಸ್ತ್ರಿಯ ಹಿಂದೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ತುಮಕೂರು–ರಾಯದುರ್ಗ ರೈಲು ಮಾರ್ಗವೂ ಎತ್ತಿನಹೊಳೆ ಯೋಜನೆಯ ಕಾಮಗಾರಿಯೂ ಇದೇ ನೆಲದ ಮೇಲೆ ನಡೆದಿವೆ. ಮಣ್ಣು ಅಗೆಯುವ, ಕಬ್ಬಿಣ ಕಟ್ಟುವ, ಬಾಂಡ್ಲಿ ಹೊರುವ ಕೈಗಳಿಗೆ ಇಲ್ಲಿ ಬರವಿಲ್ಲ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಹಾಗೇ ಆಗಿ 9 ಜನ ಹೋದರು. ಇಂಥವು ರಾಜ್ಯಕ್ಕೆಲ್ಲ ಗೊತ್ತಾಗುತ್ತವೆ. ಸಾರವೆಯಿಂದ ಒಬ್ಬನೇ ಬಿದ್ದು ಸತ್ತರೆ, ಕಬ್ಬಿಣದ ಸರಳು ಎತ್ತುವಾಗ ಕರೆಂಟು ಹೊಡೆದು ಒಬ್ಬಳೇ ಹೋದರೆ, ಅದು ಊರಿನ ಗಡಿ ದಾಟುವುದಿಲ್ಲ. ಹಾಲು–ತುಪ್ಪದ ಶಾಸ್ತ್ರ ಮುಗಿಯುವುದರೊಳಗೆ ನಾಲ್ಕು ಜನ ದೊಡ್ಡವರು ಜಗಲಿಯಲ್ಲಿ ಕೂತು ಮಾತುಕತೆ ಶುರು ಮಾಡುತ್ತಾರೆ. ‘ಹೋದೋನು ಬರಲ್ಲ, ಕೋರ್ಟು ಕಚೇರಿ ಅಂತ ಯಾಕಮ್ಮ ಅಲೀತೀಯ’ ಎಂದು ಸಮಾಧಾನ ಹೇಳಿ, ಐವತ್ತು ಸಾವಿರವೋ ಒಂದು ಲಕ್ಷವೋ ಕೊಟ್ಟು, ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ.

ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ.

ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆದ ಅಪಘಾತಕ್ಕೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕು ಎಂಬುದು 1923ರಿಂದ ನಮ್ಮ ದೇಶದಲ್ಲಿ ಕಾನೂನು. ಸಾವಾಗಿದ್ದರೆ ಆ ಹಣವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು. ಹೆಂಡತಿಗೆ ಎಷ್ಟು, ಮಕ್ಕಳಿಗೆ ಎಷ್ಟು, ವಯಸ್ಸಾದ ತಂದೆ–ತಾಯಿಗೆ ಎಷ್ಟು ಎಂದು ಹಂಚುವುದು ಆ ಅಧಿಕಾರಿಯ ಕೆಲಸ. ಮನೆಯವರ ಕೈಗೆ ನೇರವಾಗಿ ಕೊಟ್ಟ ದುಡ್ಡು ಪರಿಹಾರ ಎನಿಸಿಕೊಳ್ಳುವುದಿಲ್ಲ. ಮೂರು ತಿಂಗಳ ಕೂಲಿಯಷ್ಟನ್ನು ಮುಂಗಡವೆಂದು ಕೊಡಬಹುದು, ಅದನ್ನಷ್ಟೇ ಆಮೇಲೆ ಪರಿಹಾರದಿಂದ ಕಳೆಯುತ್ತಾರೆ. ‘ಮುಂದೆ ಏನೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟ ಒಪ್ಪಂದ ಈ ಹಕ್ಕನ್ನು ಕಿತ್ತುಕೊಳ್ಳಲಾರದು. ಆದ್ದರಿಂದ ಈಗಾಗಲೇ ಸಹಿ ಹಾಕಿರುವ ಹೆಣ್ಣುಮಗಳು ಬಾಗಿಲು ಮುಚ್ಚಿತೆಂದು ಕೂರಬೇಕಾಗಿಲ್ಲ, ಘಟನೆಯಾದ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ತಡವಾಗಿದ್ದರೂ ಸಕಾರಣ ತೋರಿಸಿದರೆ ಅರ್ಜಿ ತೆಗೆದುಕೊಳ್ಳಲು ಅವಕಾಶವಿದೆ.

ಎಷ್ಟು ಸಿಗುತ್ತದೆ? ಲೆಕ್ಕ ಗೊತ್ತಿಲ್ಲದ ಕಾರಣಕ್ಕೇ ಜಗಲಿಯ ಮೇಲಿನ ಒಂದು ಲಕ್ಷ ದೊಡ್ಡದಾಗಿ ಕಾಣುತ್ತದೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕಂತೆ ಕಾನೂನು ನಿಗದಿ ಮಾಡಿರುವ ಒಂದು ಅಂಕಿಯಿಂದ ಗುಣಿಸಬೇಕು. 35 ವರ್ಷದವನಿಗೆ ಆ ಅಂಕಿ 197.06. ದಿನಕ್ಕೆ 700 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿದರೆ 18,200 ಆಗುತ್ತದೆ, ಆದರೆ ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಮಿತಿಯಿದೆ. 8,000 ಇದ್ದ ಆ ಮಿತಿಯನ್ನು 2020ರ ಜನವರಿಯಲ್ಲಿ 15,000ಕ್ಕೆ ಏರಿಸಿದರು. 15,000ದ ಅರ್ಧ 7,500, ಅದನ್ನು 197.06ರಿಂದ ಗುಣಿಸಿದರೆ 14,77,950 ರೂಪಾಯಿ. ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ಅರ್ಧದ ಬದಲು ಶೇ. 60 ಹಿಡಿಯುತ್ತಾರೆ. ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಸೇರುತ್ತದೆ, ಕಾರಣವಿಲ್ಲದೆ ಸತಾಯಿಸಿದ್ದರೆ ಶೇ. 50ರವರೆಗೆ ದಂಡವೂ ಬೀಳಬಹುದು. ಪೆಟ್ಟಾಗಿ ಬದುಕಿದವರಿಗೆ ಆಸ್ಪತ್ರೆಯ ಖರ್ಚನ್ನು ಕೆಲಸ ಕೊಟ್ಟವನೇ ಭರಿಸಬೇಕು.

‘ಅವನು ಕುಡಿದಿದ್ದ’ ಎಂಬ ಮಾತು ಪ್ರತಿ ಸಾವಿನ ಬೆನ್ನಿಗೂ ಬರುತ್ತದೆ. ಹೆಲ್ಮೆಟ್ ಕೊಟ್ಟಿದ್ದೆವು, ಹಾಕಲಿಲ್ಲ ಎಂಬುದೂ ಜೊತೆಗಿರುತ್ತದೆ. ಸಣ್ಣಪುಟ್ಟ ಪೆಟ್ಟಾದಾಗ ಈ ವಾದಕ್ಕೆ ಜಾಗವಿದೆ. ಸಾವಾದಾಗ, ಅಥವಾ ಶಾಶ್ವತವಾಗಿ ಪೂರ್ತಿ ಅಂಗವೈಕಲ್ಯವಾದಾಗ ಕಾನೂನು ಈ ವಾದವನ್ನು ಕೇಳುವುದೇ ಇಲ್ಲ, ಪರಿಹಾರ ಕೊಡಲೇಬೇಕು. ಗಂಡನನ್ನು ಕಳೆದುಕೊಂಡು ತಲೆ ತಗ್ಗಿಸಿ ಕೂತ ಎಷ್ಟೋ ಹೆಂಗಸರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಹೇಳಬೇಕು.

ಬೆಂಗಳೂರಿನಲ್ಲಿ ಸತ್ತರೆ ಬೆಂಗಳೂರಿಗೇ ಅಲೆಯಬೇಕು ಎಂಬ ಹೆದರಿಕೆಯೂ ಬೇಡ. ಘಟನೆ ನಡೆದ ಜಾಗದಲ್ಲಿ ಮಾತ್ರವಲ್ಲ, ಅರ್ಜಿದಾರರು ವಾಸವಿರುವ ಪ್ರದೇಶದಲ್ಲೂ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಇಂಥ ಅರ್ಜಿಗಳನ್ನು ನಡೆಸುತ್ತ ಬಂದಿದ್ದಾರೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿದರೆ ಅರ್ಜಿ ಎಲ್ಲಿಗೆ, ಹೇಗೆ ಎಂದು ಹೇಳುತ್ತಾರೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100.

ಪೊಲೀಸರ ವಿಚಾರ ಬೇರೆ. ಇಂಥ ಸಾವನ್ನು ಅನೇಕ ಕಡೆ ಯು.ಡಿ.ಆರ್., ಅಂದರೆ ಅಸಹಜ ಸಾವು ಎಂದಷ್ಟೇ ದಾಖಲಿಸಿ ಮುಗಿಸುತ್ತಾರೆ. ನಿರ್ಲಕ್ಷ್ಯದಿಂದ ಸಾವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಅನ್ವಯಿಸುತ್ತದೆ, ಐದು ವರ್ಷದವರೆಗೆ ಸೆರೆವಾಸವಿದೆ. ಕಟ್ಟಡ ಕಟ್ಟುವಾಗ, ಕೆಡಹುವಾಗ ತೋರುವ ನಿರ್ಲಕ್ಷ್ಯಕ್ಕೆ 290ನೇ ಕಲಂ ಪ್ರತ್ಯೇಕವಾಗಿದೆ. ದೂರಿನಲ್ಲಿ ‘ಆಕಸ್ಮಿಕವಾಗಿ ಬಿದ್ದು’ ಎಂದು ಬೇರೆಯವರು ಬರೆದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ತಡೆಗೋಡೆ ಇರಲಿಲ್ಲ, ಬೆಲ್ಟ್ ಕೊಟ್ಟಿರಲಿಲ್ಲ, ತಂತಿ ತಲೆಯ ಮೇಲೇ ಇತ್ತು ಎಂಬುದನ್ನು ಕಂಡಂತೆ ಬರೆಸಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಎಫ್‌ಐಆರ್ ಪ್ರತಿ ಉಚಿತ. ಕ್ರಿಮಿನಲ್ ಕೇಸು ಏನೇ ಆಗಲಿ, ಪರಿಹಾರದ ಅರ್ಜಿ ತನ್ನ ಪಾಡಿಗೆ ನಡೆಯುತ್ತದೆ.

ಕಾನೂನಿನ ಹೆಸರುಗಳು ಈಚೆಗೆ ಬದಲಾಗಿವೆ. 1923ರ ಪರಿಹಾರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮೊದಲಾದವುಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪರಿಹಾರದ ತಿರುಳು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹಾಗೇ ಉಳಿದಿದೆ. ಸುರಕ್ಷತೆಯ ಸಂಹಿತೆಯಲ್ಲಿ ಎರಡು ಮಾತುಗಳು ತಿಳಿದಿರಬೇಕಾದವು. ಜೀವಕ್ಕೆ ಅಪಾಯವಿದೆ ಎಂದು ಕಾರ್ಮಿಕನಿಗೆ ಅನಿಸಿದರೆ ಅದನ್ನು ಮಾಲೀಕನಿಗೂ ನಿರೀಕ್ಷಕರಿಗೂ ಒಟ್ಟಿಗೇ ತಿಳಿಸುವ ಹಕ್ಕು ಅವನಿಗಿದೆ. ಕರ್ತವ್ಯ ತಪ್ಪಿದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹತ್ತು ಮಂದಿಗಿಂತ ಕಡಿಮೆ ಇರುವ ಕಟ್ಟಡ ಕೆಲಸಕ್ಕೆ ಈ ಸುರಕ್ಷತಾ ಸಂಹಿತೆ ತಾಗುವುದಿಲ್ಲ. ನಮ್ಮ ಹಳ್ಳಿಗಳ ಬಹುಪಾಲು ಮನೆ ಕೆಲಸ ಹಾಗೇ ಹೊರಗುಳಿಯುತ್ತದೆ ಎಂಬುದು ನನಗೆ ಈ ಕಾನೂನಿನ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಆ ಸಣ್ಣ ಕೆಲಸಗಳಲ್ಲಿ ಜೀವ ತೆಗೆಯುವ ಜಾಗ ಯಾವುದೆಂದರೆ ಸಂಪು. ಸಂಪಿನ ಮೇಲೆ ಮೋಲ್ಡ್ ಹಾಕಿ ಎರಡು ವಾರವೋ ಮೂರು ವಾರವೋ ಬಿಡುತ್ತಾರೆ. ಒಳಗೆ ಸೆಂಟ್ರಿಂಗ್ ಹಲಗೆ, ಸರ್ವೆ ಕಂಬ, ಕ್ಯೂರಿಂಗ್ ನೀರು. ಒದ್ದೆ ಮರ ಕೊಳೆಯುತ್ತ ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೇಲೆ ಇರುವುದು ಎರಡಡಿ ಅಗಲದ ಬಾಯಿ ಒಂದೇ, ಅದಕ್ಕೂ ಹಲಗೆ ಮುಚ್ಚಿರುತ್ತದೆ. ಹಲಗೆ ಬಿಚ್ಚಲು ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ಬಿದ್ದಿದ್ದಾನೆಂದು ಇನ್ನೊಬ್ಬ ಇಳಿಯುತ್ತಾನೆ, ಅವನೂ ಅಲ್ಲೇ ಉಳಿಯುತ್ತಾನೆ. ಮೇಣದಬತ್ತಿ ಇಳಿಸಿ ನೋಡುವುದು ನೆಚ್ಚುವಂಥದ್ದಲ್ಲ, ವಿಷಾನಿಲವಿದ್ದರೂ ಬತ್ತಿ ಉರಿಯಬಹುದು. ಹಿಂದಿನ ದಿನವೇ ಬಾಯಿ ತೆರೆದಿಡಿ, ಬ್ಲೋವರ್‌ನಿಂದ ಹೊರಗಿನ ಗಾಳಿ ಒಳಗೆ ನೂಕಿ, ಇಳಿಯುವವನ ಮೈಗೆ ಹಗ್ಗ ಕಟ್ಟಿ. ಹಗ್ಗದ ಇನ್ನೊಂದು ತುದಿ ಹಿಡಿದವರು ಏನೇ ಆದರೂ ಇಳಿಯಕೂಡದು, ಎಳೆಯಬೇಕು, 112ಕ್ಕೆ ಕರೆ ಮಾಡಬೇಕು.

ಪೈಪಿಗೆ ಗುಂಡಿ ತೋಡುವಾಗ ಒಂದೂವರೆ ಮೀಟರ್‌ಗಿಂತ ಆಳವಾದರೆ ಪಕ್ಕದ ಮಣ್ಣಿಗೆ ಆಸರೆ ಕೊಡಬೇಕು, ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಬಾರದು. ಮನೆಯ ಪಕ್ಕ 11 ಕೆ.ವಿ. ತಂತಿ ಹೋಗಿದ್ದರೆ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕು. ಇಲ್ಲದಿದ್ದರೆ ಎರಡನೇ ಅಂತಸ್ತಿಗೆ ಸರಳು ಎತ್ತುವ ಮುಂಚೆಯೇ ಬೆಸ್ಕಾಂಗೆ ಅರ್ಜಿ ಕೊಡಿ.

ಮನೆ ಕಟ್ಟಿಸುವವರಿಗೂ ಒಂದು ಮಾತು. ಸಾಲಸೋಲ ಮಾಡಿ ಮನೆ ಎಬ್ಬಿಸುವವರು ದುರುಳರಲ್ಲ, ಆದರೆ ನೀವೇ ನೇರವಾಗಿ ಕೂಲಿಗೆ ಕರೆದಿದ್ದರೆ ಕೆಲಸ ಕೊಟ್ಟವರು ನೀವೇ ಎಂಬ ವಾದ ನಿಮ್ಮ ಮೇಲೆ ಬರಬಹುದು. ಗುತ್ತಿಗೆ ಕೊಟ್ಟಿದ್ದರೆ ಕರಾರಿನಲ್ಲಿ ಸುರಕ್ಷತೆ, ಪರಿಹಾರ ಯಾರ ಹೊಣೆ ಎಂದು ಬರೆಸಿ. ಕಾರ್ಮಿಕರ ಪರಿಹಾರಕ್ಕೆಂದೇ ಇರುವ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಪಾಯದ ಪೂಜೆಯ ಖರ್ಚಿನ ಜೊತೆಗೆ ಅದನ್ನೂ ಸೇರಿಸಿಕೊಳ್ಳಿ.

ಇನ್ನು ಕಾರ್ಮಿಕ ಕಾರ್ಡು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರು ಬೇಕಾದರೂ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಾಮಗಾರಿ ವೆಚ್ಚದ ಶೇ. 1ರಷ್ಟು ಸೆಸ್ ಕಟ್ಟಿಸಿಕೊಂಡು ಮಂಡಳಿ ನಡೆಯುತ್ತದೆ. ಅಪಘಾತ, ಹೆರಿಗೆ, ಮಕ್ಕಳ ಓದು, ಪಿಂಚಣಿಗೆ ಅದರಿಂದ ನೆರವಿದೆ. ಮಂಡಳಿಯ ನೆರವು ಬಂತೆಂದು ಮಾಲೀಕನ ಪರಿಹಾರ ತಪ್ಪುವುದಿಲ್ಲ, ಎರಡೂ ಬೇರೆ ಬೇರೆ. ಕೆಲಸವೇ ಮಾಡದವರು ಪಡೆದ ಕಾರ್ಡುಗಳಿಂದಾಗಿ ಈಗ ಪರಿಶೀಲನೆ ಬಿಗಿಯಾಗಿದೆ. ಆದ್ದರಿಂದ ನಿಜವಾಗಿ ದುಡಿಯುವವರು ದಾಖಲೆ ಇಟ್ಟುಕೊಳ್ಳಲೇಬೇಕು.

ದಾಖಲೆ ಎಂದರೆ ದೊಡ್ಡದೇನಲ್ಲ. ಬಟವಾಡೆಯ ದಿನ ಮೇಸ್ತ್ರಿಯ ಪುಸ್ತಕದಲ್ಲಿ ನಿಮ್ಮ ಹೆಸರಿರುವ ಪುಟದ ಫೋಟೋ ತೆಗೆದುಕೊಳ್ಳಿ. ಕೂಲಿಯನ್ನು ಆದಷ್ಟು ಫೋನ್‌ಪೇನಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ. ಕೆಲಸದ ಜಾಗ ಎಲ್ಲಿ, ಕಟ್ಟಿಸುವವರು ಯಾರು, ಮೇಸ್ತ್ರಿಯ ನಂಬರ್ ಯಾವುದು ಎಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಕಾರ್ಡಿನ ವಿಚಾರಕ್ಕೆ, ಕೂಲಿ ಬಾಕಿಗೆ, ಅಪಾಯದ ದೂರಿಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಬಹುದು. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.