ಗಣಿತದ ಒಗಟುಗಳೂ ಗಣಕಯಂತ್ರವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ನಾಡನ್ನಾಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗಣಿತವೆಂದರೆ ಒಣ ವಿದ್ಯೆಯೆಂದು ಮುಖ ತಿರುಗಿಸುವವರು ಈ ಗ್ರಂಥವನ್ನು ಒಮ್ಮೆ ತೆರೆದು ನೋಡಬೇಕು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಹೀಗೆ ಎಡದಿಂದಲೂ ಬಲದಿಂದಲೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿ ಸಂತೋಷಪಟ್ಟಿದ್ದಾನೆ.

ಅವನ ಒಗಟುಗಳಲ್ಲಿ ಒಂದು ಹೀಗಿದೆ. ಮೂವರು ವರ್ತಕರು ದಾರಿಯಲ್ಲಿ ಹೋಗುತ್ತಿದ್ದಾಗ ಹಣದ ಥೈಲಿಯೊಂದು ಕಣ್ಣಿಗೆ ಬಿದ್ದಿತು. “ಈ ಥೈಲಿ ನನಗೆ ದೊರೆತರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ” ಎಂದನು ಮೊದಲನೆಯವನು. ಎರಡನೆಯವನು ತನಗೆ ದೊರೆತರೆ ಉಳಿದಿಬ್ಬರ ಹಣದ ಮೂರರಷ್ಟಾಗುವುದೆಂದೂ, ಮೂರನೆಯವನು ಐದರಷ್ಟಾಗುವುದೆಂದೂ ಹೇಳಿದರು. ಹಾಗಾದರೆ ಥೈಲಿಯಲ್ಲಿದ್ದ ಹಣವೆಷ್ಟು? ಒಬ್ಬೊಬ್ಬರ ಬಳಿ ಇದ್ದುದೆಷ್ಟು?

ಇಂದಿನ ವಿದ್ಯಾರ್ಥಿಯು ಇದನ್ನು ಗಣಕಯಂತ್ರಕ್ಕೆ ಒಪ್ಪಿಸಬಹುದು. ಯಂತ್ರಕ್ಕೆ ಒಗಟು ತಿಳಿಯದು. ಅದಕ್ಕೆ ತಿಳಿಯುವುದು ಆಜ್ಞೆಗಳ ಸಾಲು ಮಾತ್ರ. ಈ ಸಾಲನ್ನೇ ಕ್ರಮವಿಧಿ ಅಥವಾ ಪ್ರೋಗ್ರಾಂ ಎನ್ನುತ್ತಾರೆ. ಮೂವರ ಹಣಕ್ಕೂ ಥೈಲಿಯ ಹಣಕ್ಕೂ 1ರಿಂದ 20ರವರೆಗಿನ ಬೆಲೆಗಳನ್ನು ಒಂದೊಂದಾಗಿ ಕೊಡು. ಮೂರು ನಿಬಂಧನೆಗಳೂ ಕೂಡಿಬಂದರೆ ಬರೆದು ತೋರಿಸು. ಇಲ್ಲವಾದರೆ ಮುಂದಕ್ಕೆ ಹೋಗು. ಇಷ್ಟು ಹೇಳಿದರೆ ಸಾಕು. ಪರೀಕ್ಷಿಸಬೇಕಾದ ಜೋಡಣೆಗಳು 1,60,000. ಮನುಷ್ಯನಿಗೆ ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸವನ್ನು ಯಂತ್ರವು ಕಣ್ಣೆವೆ ಇಕ್ಕುವುದರೊಳಗೆ ಮುಗಿಸಿ, 1, 3, 5 ಮತ್ತು 15 ಎಂಬ ಒಂದೇ ಒಂದು ಉತ್ತರವನ್ನು ಮುಂದಿಡುತ್ತದೆ. ಮೂವರ ಹಣ ಗೊತ್ತಾದರೆ ಮೊದಲ ನಿಬಂಧನೆಯಿಂದಲೇ ಥೈಲಿಯ ಹಣ ತಿಳಿಯುವುದಷ್ಟೆ? ಹಾಗೆ ಬರೆದರೆ ಪರೀಕ್ಷೆಗಳು 8,000ಕ್ಕೆ ಇಳಿಯುತ್ತವೆ.

ಆದರೆ ಯಂತ್ರವನ್ನು ಬದಿಗಿಟ್ಟು ಸ್ವಲ್ಪ ಯೋಚಿಸಿದರೆ ಒಗಟಿನ ಒಳಗುಟ್ಟೇ ಬಯಲಾಗುತ್ತದೆ. ಥೈಲಿಯೂ ಸೇರಿದಂತೆ ಒಟ್ಟು ಹಣವನ್ನು ನೋಡಿರಿ. ಮೊದಲನೆಯವನ ಮಾತಿನಂತೆ ಉಳಿದಿಬ್ಬರ ಬಳಿ ಇರುವುದು ಒಟ್ಟು ಹಣದ ಮೂರನೆಯ ಒಂದು ಪಾಲು. ಎರಡನೆಯವನ ಮಾತಿನಂತೆ ಅವನನ್ನು ಬಿಟ್ಟು ಉಳಿದಿಬ್ಬರದು ನಾಲ್ಕನೆಯ ಒಂದು ಪಾಲು. ಮೂರನೆಯವನ ಮಾತಿನಂತೆ ಆರನೆಯ ಒಂದು ಪಾಲು. ಮೂರು, ನಾಲ್ಕು, ಆರು, ಈ ಮೂರರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 12. ಒಟ್ಟು 12 ಎಂದರೆ ಪಾಲುಗಳು 4, 3, 2; ಮೊತ್ತ 9. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಎಣಿಕೆಗೆ ಬಂದಿರುವುದರಿಂದ ಮೂವರ ಹಣ ನಾಲ್ಕೂವರೆಯಾಗಿ ಪೂರ್ಣಸಂಖ್ಯೆ ತಪ್ಪುತ್ತದೆ. ಒಟ್ಟು 24 ಎಂದಿಟ್ಟುಕೊಂಡರೆ ಪಾಲುಗಳು 8, 6, 4, ಮೂವರ ಹಣ 9, ಥೈಲಿಯಲ್ಲಿ 15. 9ರಿಂದ ಈ ಪಾಲುಗಳನ್ನು ಕಳೆದರೆ 1, 3, 5. ಇದನ್ನು ಇಮ್ಮಡಿಸಿದರೂ ಮುಮ್ಮಡಿಸಿದರೂ ಒಗಟು ಸರಿಹೋಗುತ್ತದೆ. ಉತ್ತರಗಳಿಗೆ ಕೊನೆಯೇ ಇಲ್ಲ. 20 ಎಂಬ ಬೇಲಿಯೊಳಗೆ ಹುಡುಕಿದ ಯಂತ್ರಕ್ಕೆ ಬೇಲಿಯಾಚೆಗಿನ ಈ ಸುದ್ದಿ ತಿಳಿಯಲಿಲ್ಲ.

ಹುಡುಕುವ ಕ್ಷೇತ್ರಕ್ಕೆ ಎಲ್ಲೆಯಿದ್ದಾಗ ಮಾತ್ರ ಯಂತ್ರದ ಹುಡುಕಾಟವೇ ಸಾಧನೆಯೂ ಆಗುತ್ತದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದ. ರಾ. ಕಾಪ್ರೇಕರರು 1949ರಲ್ಲಿ 6174ರ ಚಮತ್ಕಾರವನ್ನು ಕಂಡುಹಿಡಿದರು. ನಾಲ್ಕು ಅಂಕಿಗಳ ಸಂಖ್ಯೆಯೊಂದನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಬೇಕು. ಬಂದುದಕ್ಕೆ ಮತ್ತೆ ಹೀಗೆಯೇ ಮಾಡಬೇಕು. 3524ರಿಂದ 3087, ಅದರಿಂದ 8352, ಅದರಿಂದ 6174. ನಾಲ್ಕೂ ಅಂಕಿ ಒಂದೇ ಆಗಿರುವ 9 ಸಂಖ್ಯೆಗಳನ್ನು ಬಿಟ್ಟರೆ ಉಳಿದ 8,991 ಸಂಖ್ಯೆಗಳೂ ಏಳು ಹೆಜ್ಜೆಗಳೊಳಗೆ ಅಲ್ಲಿಗೇ ಬಂದು ಸೇರುತ್ತವೆ. (ನಡುವೆ ಮೂರಂಕಿಯ ಸಂಖ್ಯೆ ಬಂದರೆ ಮುಂದೆ ಸೊನ್ನೆ ಹಚ್ಚಿಕೊಳ್ಳಬೇಕು.) ಹತ್ತು ಸಾಲಿನ ಕ್ರಮವಿಧಿಯಿಂದ ಒಂದನ್ನೂ ಬಿಡದೆ ಇದನ್ನು ಪರಿಶೀಲಿಸಬಹುದು.

ಆಕಸ್ಮಿಕವು ಕಾಲಿಟ್ಟಲ್ಲಿ ಕತೆ ಬೇರೆಯಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂತಹ ಊರಿನಲ್ಲಿ, ಅಡಕೆಯ ತೋಟಕ್ಕೆ ಇಳಿಯಗೊಡದಂತೆ ಆಷಾಢದ ಮಳೆ ಹಿಡಿದ ದಿನ, ಮಕ್ಕಳು ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದಾರೆಂದು ಭಾವಿಸೋಣ. ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ. ಬಾರ ಬೀಳುವ ಸಂಭವವೆಷ್ಟು? ಕವಡೆಯು ನಾಣ್ಯದಂತೆ ಸಮನಾಗಿ ಬೀಳುವುದಾದರೆ ಹದಿನಾರಕ್ಕೊಮ್ಮೆ. ಗಣಕಯಂತ್ರದಲ್ಲಿ ಲಕ್ಷ ಸಲ ಆಡಿಸಿ ನೋಡಿದರೂ ಇದೇ ಉತ್ತರ ಬರುತ್ತದೆ, ಏಕೆಂದರೆ ಹಾಗೆಂದು ಮೊದಲೇ ಹೇಳಿಕೊಟ್ಟಾಗಿದೆ. ಆದರೆ ಕವಡೆ ನಾಣ್ಯವಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ನೂರಕ್ಕೆ ಅರವತ್ತು ಸಲ ಬಾಯಿ ಮೇಲಾಗಿ ಬೀಳುವ ಕವಡೆಗಳಿದ್ದರೆ ಬಾರವು ಬೀಳುವುದು ಮೂವತ್ತೊಂಬತ್ತಕ್ಕೊಮ್ಮೆ ಮಾತ್ರ. ಆಟದ ನಡೆಯೇ ಬದಲಾಯಿತಲ್ಲವೆ? ತಪ್ಪು ಊಹೆಯ ಮೇಲೆ ಆಡಿಸಿದ ಲಕ್ಷ ಆಟಗಳು ತಪ್ಪನ್ನೇ ಗಟ್ಟಿಮಾಡುತ್ತವೆ.

ಆದುದರಿಂದ ಮೊದಲು ಕವಡೆಯನ್ನೇ ಎಸೆದು ಎಣಿಸಬೇಕು. ನೂರು ಸಲ ಎಸೆದರೆ ದೊರೆಯುವ ಪಾಲು ನಿಜವಾದ ಪಾಲಿನಿಂದ ನೂರಕ್ಕೆ ಐದರಷ್ಟು ಅತ್ತಿತ್ತ ಸರಿದಿರುವುದು ಸಹಜ. ಈ ಓಲಾಟವನ್ನು ಅರ್ಧಕ್ಕಿಳಿಸಲು ಇಮ್ಮಡಿ ಎಸೆತ ಸಾಲದು, ನಾಲ್ಮಡಿ ಬೇಕು. ಇಲ್ಲಿ ಬಳ್ಳಾರಿ ಸೀಮೆಯ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರನ್ನು ನೆನೆಯಬೇಕು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಈ ತರುಣರು 1945ರ ಪ್ರಬಂಧವೊಂದರಲ್ಲಿ, ಕೈಯಲ್ಲಿರುವ ಮಾಹಿತಿಯಿಂದ ಪಕ್ಷಪಾತವಿಲ್ಲದೆ ಮಾಡುವ ಅಂದಾಜಿನ ನಿಖರತೆಗೆ ಒಂದು ಮೇಲ್ಮಿತಿಯಿದೆಯೆಂದು ತೋರಿಸಿಕೊಟ್ಟರು. ಸ್ವೀಡನ್ನಿನ ಕ್ರಾಮರ್ ಎಂಬ ವಿದ್ವಾಂಸರೂ ಇದನ್ನು ಪ್ರತ್ಯೇಕವಾಗಿ ಕಂಡುಕೊಂಡುದರಿಂದ ಇದು ಇಬ್ಬರ ಹೆಸರಿನಲ್ಲಿಯೂ ಪ್ರಸಿದ್ಧವಾಗಿದೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನವು ರಾವ್ ಅವರಿಗೆ ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಕವಡೆಯ ವಿಷಯದಲ್ಲಿ ಆ ಮಿತಿಯನ್ನು ಮುಟ್ಟಲು ದೊಡ್ಡ ಯಂತ್ರವೇನೂ ಬೇಡ. ಬಾಯಿ ಮೇಲಾಗಿ ಬಿದ್ದವುಗಳನ್ನು ಎಣಿಸಿ, ಒಟ್ಟು ಎಸೆತಗಳಿಂದ ಭಾಗಿಸಿದರಾಯಿತು. ಅದಕ್ಕಿಂತ ನಿಖರವಾದ ಪಕ್ಷಪಾತವಿಲ್ಲದ ಅಂದಾಜನ್ನು ಅವೇ ಎಸೆತಗಳಿಂದ ಯಾವ ಕ್ರಮವಿಧಿಯೂ ತೆಗೆಯಲಾರದು. ಯಂತ್ರದ ಸರದಿ ಬರುವುದು ಆಮೇಲೆ. ಕಾಯಿ ಕಡಿಯುವುದು, ಕಟ್ಟೆಯಲ್ಲಿ ತಂಗುವುದು, ಬಾರ ಬಿದ್ದಾಗ ಮತ್ತೆ ಎಸೆಯುವುದು, ಇವೆಲ್ಲ ಹೆಣೆದುಕೊಂಡ ಆಟದಲ್ಲಿ ಮೊದಲು ಕವಡೆ ಹಿಡಿದವನಿಗೆ ಗೆಲುವಿನ ಅನುಕೂಲವೆಷ್ಟೆಂಬುದನ್ನು ಹೇಳುವ ಸೂತ್ರವನ್ನು ಕಾಗದದ ಮೇಲೆ ಬರೆಯಹೊರಟರೆ ಪುಟಗಳು ಸಾಲವು. ಜಗಲಿಯಲ್ಲಿ ಎಣಿಸಿ ತಂದ ಪಾಲನ್ನು ಕೊಟ್ಟು ಲಕ್ಷ ಆಟ ಆಡಿಸಿದರೆ ಯಂತ್ರವು ಅದನ್ನು ಎಣಿಸಿ ಹೇಳುತ್ತದೆ.